ಕೈಯಲ್ಲಿ ಬಡಿಗೆ, ಕಾಲಲ್ಲಿ ವಿದ್ಯೆ

ಯಾವುದು ಶಸ್ತ್ರ, ಯಾವುದು ಅಲ್ಲ ಎಂಬುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ತನ್ನ ಎರಡನೇ ಕಲಮಿನಲ್ಲೇ ಹೇಳುತ್ತದೆ. ಬಂದೂಕು, ಕತ್ತಿ, ಚೂಪು ಅಲಗಿನ ಮಾರಕಾಸ್ತ್ರಗಳು ಶಸ್ತ್ರ. ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಎಂದೇ ಮಾಡಿದ ವಸ್ತುಗಳು ಶಸ್ತ್ರವಲ್ಲ. ಇಂಥ ವಸ್ತುಗಳಿಗೆ ಕಾಯ್ದೆಯೇ ಹೆಸರಿಸಿ ಕೊಡುವ ಉದಾಹರಣೆಗಳು ಎರಡು: ಒಂದು ಲಾಠಿ, ಇನ್ನೊಂದು ಸಾಮಾನ್ಯ ಊರುಗೋಲು.

ಆಳಂದ ತಾಲೂಕಿನ ಮಟಕಿಯಂಥ ಊರಿನಲ್ಲಿ ಬಡಿಗೆ ಇಲ್ಲದ ಮನೆ ಹುಡುಕುವುದು ಕಷ್ಟ. ಅಗಸಿಕಟ್ಟೆಗೆ ಹೊರಟ ಅಜ್ಜನಿಗೆ ಅದು ಆಸರೆ. ಕುರಿ ಕಾಯುವವನ ಹೆಗಲ ಮೇಲೆ ಅದು ಹಗಲೆಲ್ಲ ಅಡ್ಡ ಬಿದ್ದಿರುತ್ತದೆ. ರಾತ್ರಿ ಪಾಳಿಯ ಕರೆಂಟು ಬಂದಾಗ ಹೊಲಕ್ಕೆ ನೀರು ಬಿಡಲು ಹೋಗುವ ರೈತ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಬಡಿಗೆ ಹಿಡಿದು, ಬದುವಿನ ಹುಲ್ಲು ತಟ್ಟುತ್ತ ನಡೆಯುತ್ತಾನೆ. ನೆಲದ ಅದುರು ತಿಳಿದ ಹಾವು ತಾನಾಗಿ ಸರಿದುಹೋಗುತ್ತದೆ. ಸಂಜೆ ತಾಂಡಾದ ದಾರಿಯಲ್ಲಿ ಬೀದಿನಾಯಿಗಳ ಗುಂಪು ಎದುರಾದರೂ ಮೊದಲು ನೆನಪಾಗುವುದು ಬಡಿಗೆಯೇ.

ಇಷ್ಟು ಹತ್ತಿರದ ವಸ್ತುವನ್ನು ಹಿಡಿಯುವ ಕ್ರಮವನ್ನು ನಾವು ಯಾರಿಗೂ ಕಲಿಸುತ್ತಿಲ್ಲ. ಇನ್ನೊಂದೆಡೆ ಸರ್ಕಾರಿ ಶಾಲೆಗಳ ಅಂಗಳಕ್ಕೆ, ವಸತಿ ನಿಲಯಗಳಿಗೆ ಕರಾಟೆ ಬಂದಿದೆ. ಬಿಳಿ ಉಡುಪಿನ ಹುಡುಗಿಯರು ಸಾಲಾಗಿ ನಿಂತು ಗಾಳಿಗೆ ಗುದ್ದುವ ನೋಟ ಈಗ ಹೊಸದಲ್ಲ. ಬಡಿಗೆ ಮನೆಯ ಮೂಲೆಯಲ್ಲಿದೆ, ಕರಾಟೆ ಶಾಲೆಯಲ್ಲಿದೆ. ಇವೆರಡನ್ನೂ ಒಂದೇ ಅಂಗಳಕ್ಕೆ ತರಬೇಕು ಎಂಬುದು ಈ ಬರಹದ ವಾದ. ಬೀಳದಂತೆ ನಿಲ್ಲುವುದಕ್ಕೂ ಏಟಿಗೆ ಸಿಗದಂತೆ ನಿಲ್ಲುವುದಕ್ಕೂ ದೇಹ ಕಲಿಯಬೇಕಾದ ಪಾಠ ಒಂದೇ: ಕಾಲಿನ ನೆಲೆ ಮತ್ತು ಅಂತರದ ಅಳತೆ.

ಕರಾಟೆಯ ಜೊತೆಗೇ ಬೆಳೆದ ಕೋಲು

ಕರಾಟೆ ಬೆಳೆದದ್ದು ಇಂದಿನ ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪದಲ್ಲಿ. ಅದು ಒಂದು ಕಾಲಕ್ಕೆ ರ್‍ಯೂಕ್ಯೂ ಎಂಬ ಬೇರೆಯೇ ರಾಜ್ಯ. ಚೀನಾದೊಡನೆ ಅದಕ್ಕೆ ವ್ಯಾಪಾರ ಸಂಬಂಧವಿತ್ತು, 1609ರಲ್ಲಿ ಜಪಾನಿನ ಸಾತ್ಸುಮಾ ಸಂಸ್ಥಾನದ ಹಿಡಿತಕ್ಕೆ ಬಂತು. ಶುರಿ, ನಾಹಾ, ತೊಮಾರಿ ಎಂಬ ಮೂರು ನೆಲೆಗಳಲ್ಲಿ ಸ್ಥಳೀಯ ಕೈವರಸೆಯೂ ಚೀನೀ ವರಸೆಯೂ ಬೆರೆತು ಈ ವಿದ್ಯೆ ರೂಪುಗೊಂಡಿತು. ಆಯುಧ ಕಸಿದುಕೊಂಡಾಗ ರೈತರು ಕಟ್ಟಿಕೊಂಡ ವಿದ್ಯೆ ಎಂಬ ಕತೆ ಬಹಳ ಜನಪ್ರಿಯ. ಆದರೆ ದಾಖಲೆಯಲ್ಲಿ ಹೆಸರು ಸಿಗುವ ಹಳೆಯ ಗುರುಗಳಲ್ಲಿ ಹೆಚ್ಚಿನವರು ಅರಸನ ಊಳಿಗದಲ್ಲಿದ್ದ ಪೇಚಿನ್ ವರ್ಗದವರು.

ಗುಟ್ಟಾಗಿ ಸಾಗಿಬಂದ ಈ ವಿದ್ಯೆಯನ್ನು 1901ರ ಹೊತ್ತಿಗೆ ಶಾಲೆಯ ಅಂಗಳಕ್ಕೆ ತಂದವರು ಆಂಕೊ ಇತೊಸು. ಮಕ್ಕಳಿಗೆ ಕರಾಟೆ ಏಕೆ ಕಲಿಸಬೇಕು, ಹೇಗೆ ಕಲಿಸಬೇಕು ಎಂದು ಹತ್ತು ಅಂಶಗಳಲ್ಲಿ ವಿವರಿಸಿ 1908ರಲ್ಲಿ ಅವರು ಅಧಿಕಾರಿಗಳಿಗೆ ಪತ್ರ ಬರೆದರು. ಅವರ ಶಿಷ್ಯ, ವೃತ್ತಿಯಿಂದ ಶಾಲಾ ಮಾಸ್ತರರಾಗಿದ್ದ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟ ಮೇಲೆ ಕರಾಟೆ ಜಪಾನಿನ ಮುಖ್ಯಭೂಮಿಗೆ ಹರಡಿತು. ಶೊತೊಕಾನ್ ಎಂಬ ಶೈಲಿಗೆ ಮೂಲಪುರುಷ ಅವರೇ. ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಿರಕೂಡದು ಎಂಬ ನಿಯಮವನ್ನು ಶಿಷ್ಯರಿಗೆ ಒತ್ತಿ ಹೇಳಿದವರೂ ಅವರೇ.

ಸಾಂಪ್ರದಾಯಿಕ ಕರಾಟೆಗೆ ಮೂರು ಅಂಗಗಳು. ನಿಲುವು, ತಡೆ, ಗುದ್ದು, ಒದೆತಗಳನ್ನು ಒಂದೊಂದಾಗಿ ತಿದ್ದುವುದು ಕಿಹೊನ್. ಅವನ್ನೇ ಗೊತ್ತಾದ ಕ್ರಮದಲ್ಲಿ ಪೋಣಿಸಿ, ಕಾಣದ ಎದುರಾಳಿಯೊಡನೆ ಒಂಟಿಯಾಗಿ ಆಡುವುದು ಕಟಾ. ಜೊತೆಗಾರನ ಎದುರು ನಿಂತು ಮಾಡುವುದು ಕುಮಿತೆ. ಅಂಕ ಗಳಿಸುವ ಪಂದ್ಯದ ಕರಾಟೆ ಈ ಮೂರರಿಂದ ಚಿಗುರಿದ ಒಂದು ಕವಲು ಮಾತ್ರ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದು ಸೇರಿತ್ತು, 2024ರ ಪ್ಯಾರಿಸ್ ಪಟ್ಟಿಯಲ್ಲಿ ಇರಲಿಲ್ಲ. ಪದಕ ಇರಲಿ, ಬಿಡಲಿ, ಹಳ್ಳಿಯ ಹುಡುಗಿಗೂ ಮುದುಕರಿಗೂ ಬೇಕಾದ ಭಾಗ ಆ ಮೂರು ಅಂಗಗಳಲ್ಲಿದೆ.

ಕರಾಟೆ ಎಂದರೆ ಬರಿಗೈ ಎಂದು ನಾವು ತಿಳಿದಿದ್ದೇವೆ. ಒಕಿನಾವಾದಲ್ಲಿ ಮಾತ್ರ ಬರಿಗೈ ವಿದ್ಯೆಯೂ ಕೋಲಿನ ವಿದ್ಯೆಯೂ ಅಕ್ಕಪಕ್ಕದಲ್ಲೇ ಬೆಳೆದವು. ಆರು ಅಡಿ ಉದ್ದದ ಬೊ, ಅಡ್ಡ ಹಿಡಿಕೆಯ ತೊನ್ಫಾ, ದೋಣಿಯ ಹುಟ್ಟು ಇವೆಲ್ಲ ಅಲ್ಲಿಯ ಕೊಬುದೊ ಎಂಬ ವಿದ್ಯೆಗೆ ಸೇರಿದವು. ಫುನಾಕೊಶಿಯವರ ಬಳಿಯೂ ಕಲಿತಿದ್ದ ತೈರಾ ಶಿಂಕೆನ್ (1897–1970) ಊರೂರು ಸುತ್ತಿ ಕೋಲಿನ ಕಟಾಗಳನ್ನು ಕಲೆಹಾಕಿ ಉಳಿಸಿದರು. ಬರಿಗೈಯಲ್ಲಿ ಆಡುವ ‘ಜಿತ್ತೆ’ ಎಂಬ ಕಟಾದಲ್ಲಿಯೂ ಎದುರಾಳಿಯ ಕೋಲನ್ನು ಹಿಡಿದು ತಿರುಚುವ ಚಲನೆಗಳಿವೆ ಎಂದು ಗುರುಗಳು ವಿವರಿಸುತ್ತಾರೆ. ಕರಾಟೆಗೆ ಬಡಿಗೆ ಸೇರಿಸುವುದರಿಂದ ಸಂಪ್ರದಾಯ ಕೆಡುವುದಿಲ್ಲ. ಆ ಸಂಪ್ರದಾಯದಲ್ಲೇ ಅದಕ್ಕೆ ಜಾಗವಿದೆ.

ಊರುಗೋಲನ್ನು ವಿದ್ಯೆಯಾಗಿಸಿದವರು

ಆರಡಿ ಕೋಲನ್ನು ಸಂತೆಗೆ ಒಯ್ಯಲಾಗದು, ಬಸ್ಸಿನಲ್ಲಿ ಹಿಡಿದು ನಿಲ್ಲಲಾಗದು. ದಿನವೂ ಕೈಯಲ್ಲಿರುವುದು ಸುಮಾರು ಮೂರಡಿಯ ಊರುಗೋಲು. ಅದರ ಪಟ್ಟುಗಳನ್ನು ಕ್ರಮವಾಗಿ ಜೋಡಿಸಿದ ಹಿರಿಯರಲ್ಲಿ ಜಪಾನಿನ ಉಚಿದಾ ರ್‍ಯೊಗೊರೊ ಒಬ್ಬರು. ಅಲ್ಲಿ 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದರು. ಪಾಶ್ಚಾತ್ಯ ಉಡುಪಿನ ಜೊತೆಗೆ ಊರುಗೋಲು ಹಿಡಿಯುವುದು ರೂಢಿಗೆ ಬಂತು. ನಾಲ್ಕಡಿಯ ಜೊ ಕೋಲಿನಲ್ಲಿ ಪಳಗಿದ್ದ ಉಚಿದಾ, ಆ ಅನುಭವವನ್ನು ಸುಮಾರು 90 ಸೆಂ.ಮೀ. ಉದ್ದದ ಊರುಗೋಲಿಗೆ ಇಳಿಸಿದರು. ಈಗಲೂ ಅದನ್ನು ಅಲ್ಲಿ ಜೊ ವಿದ್ಯೆಯ ಜೊತೆಗೆ ಕಲಿಸುತ್ತಾರೆ.

ಸುಮಾರು ಅದೇ ಕಾಲಕ್ಕೆ ಯುರೋಪಿನಲ್ಲಿ ಪಿಯೇರ್ ವಿನ್ಯಿ ಎಂಬ ಸ್ವಿಸ್ ಗುರು ಊರುಗೋಲಿನ ವರಸೆಯನ್ನು ತಿದ್ದಿ ಕಟ್ಟಿದರು. 1899ರಲ್ಲಿ ಲಂಡನ್ನಿನಲ್ಲಿ ಬಾರ್ಟನ್-ರೈಟ್ ಶುರುಮಾಡಿದ ಬಾರ್ಟಿಟ್ಸು ಎಂಬ ಆತ್ಮರಕ್ಷಣಾ ಪದ್ಧತಿಯಲ್ಲಿ ಜಪಾನಿನ ಪಟ್ಟುಗಳ ಜೊತೆಗೆ ವಿನ್ಯಿಯವರ ಊರುಗೋಲೂ ಸೇರಿತು. ವಿನ್ಯಿ ಕಂಡುಕೊಂಡ ಸತ್ಯ ಸರಳವಾದದ್ದು. ಕತ್ತಿಗೆ ಕೈಕಾಯುವ ಹಿಡಿಕೆ ಇರುತ್ತದೆ, ಬಡಿಗೆಗೆ ಇರುವುದಿಲ್ಲ. ಎದುರಾಳಿಯ ಏಟು ಮೊದಲು ಬೀಳುವುದು ಬೆರಳಿನ ಮೇಲೆ. ಹಾಗಾಗಿ ಬಡಿಗೆ ಹಿಡಿದ ಕೈಯನ್ನು ಎದುರಿನವನಿಗೆ ಎಟುಕದಂತೆ ಎತ್ತರದಲ್ಲಿ, ಹಿಂದಕ್ಕೆ ಇಟ್ಟುಕೊಳ್ಳಬೇಕು.

ಈ ವಿದ್ಯೆಗೆ ನಮ್ಮ ದೇಶದ ನಂಟೂ ಇದೆ. ಭಾರತದ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಎಚ್.ಜಿ. ಲ್ಯಾಂಗ್, ವಿನ್ಯಿ ಪದ್ಧತಿಯನ್ನು ಆಧರಿಸಿ ಊರುಗೋಲಿನ ಆತ್ಮರಕ್ಷಣೆಯ ಕುರಿತು 1923ರಲ್ಲಿ ಪುಸ್ತಕ ಪ್ರಕಟಿಸಿದರು. ಅದೇ 1923ರ ಕೊನೆಗೆ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ, ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಸ್ವಯಂಸೇವಕರ ಸಂಘಟನೆಯೊಂದನ್ನು ಕಟ್ಟಿದರು. ಅದೇ ಮುಂದೆ ಹಿಂದುಸ್ತಾನಿ ಸೇವಾದಳವಾಯಿತು. ಕವಾಯತು, ವ್ಯಾಯಾಮ, ಶಿಸ್ತು ಅದರ ಉಸಿರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಅಧಿವೇಶನದಲ್ಲಿ ಸಾವಿರಾರು ಜನರ ವ್ಯವಸ್ಥೆಗೆ ಹೆಗಲು ಕೊಟ್ಟವರು ಈ ಸ್ವಯಂಸೇವಕರು. ಉಮಾಬಾಯಿ ಕುಂದಾಪುರ ಅವರೊಡನೆ ಹೆಣ್ಣುಮಕ್ಕಳೂ ಸಾಲುಗಟ್ಟಿ ದುಡಿದರು. ಮುಂದೆ ಸತ್ಯಾಗ್ರಹದ ದಿನಗಳಲ್ಲಿ ಲಾಠಿಯ ಏಟು ಬಿದ್ದಾಗ ಕೈ ಎತ್ತದೆ ನಿಂತದ್ದಕ್ಕೂ ಇಂಥ ಶಿಸ್ತೇ ಆಧಾರ. ದೇಹವನ್ನು ಪಳಗಿಸುವುದೂ ಕೋಪವನ್ನು ಪಳಗಿಸುವುದೂ ಒಂದೇ ಸಾಧನೆಯ ಎರಡು ಭಾಗ ಎಂಬುದನ್ನು ನಮ್ಮ ನಾಡಿನ ಆ ತಲೆಮಾರು ಬಾಳಿ ತೋರಿಸಿತು.

ನಮ್ಮ ಮಣ್ಣಿನ ತಾಲೀಮು

ಆಳಂದದ ಈಶಾನ್ಯಕ್ಕೆ ಚಾಲುಕ್ಯರ ರಾಜಧಾನಿ ಕಲ್ಯಾಣವಿದೆ. ಅಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ, ಅಂಕವಿನೋದಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಬಗೆ, ಅವರ ಊಟ, ದಿನದ ಸಾಮು ಎಲ್ಲವನ್ನೂ ಅರಸ ಬರೆದಿಟ್ಟಿದ್ದಾನೆ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಸೀಮೆಯಲ್ಲಿ ಮೈಪಳಗಿಸುವುದು ಶಾಸ್ತ್ರವಾಗಿತ್ತು.

ಕಲಬುರಗಿ ಸೀಮೆಯಲ್ಲಿ ಆ ಶಾಸ್ತ್ರದ ಮನೆಗೆ ತಾಲೀಮು ಎನ್ನುತ್ತಾರೆ, ಕಲಿಸುವವನು ವಸ್ತಾದ. ಕೆಮ್ಮಣ್ಣು ಹದಮಾಡಿ, ದಂಡ ಹೊಡೆದು, ಬೈಠಕ್ ಹಾಕಿ, ಭಾರದ ಮರದ ಗದೆ ತಿರುಗಿಸಿ, ಆಮೇಲೆ ಪಟ್ಟಿಗೆ ಇಳಿಯುವುದು ಅಲ್ಲಿಯ ಕ್ರಮ. ಜಾತ್ರೆ ಬಂದಾಗ ಜಂಗಿ ಕುಸ್ತಿ, ಗುಂಡು ಎತ್ತುವ ಪಂದ್ಯ, ಗೆದ್ದವನಿಗೆ ಬೆಳ್ಳಿ ಕಡಗ. ಗಡಿಯಾಚೆ ಕೊಲ್ಲಾಪುರದ ಕಡೆ ಮರ್ದಾನಿ ಖೇಳದಲ್ಲಿ ಲಾಠಿ, ದಾಂಡಪಟ್ಟಾ ತಿರುಗಿಸುತ್ತಾರೆ. ಕರಾವಳಿಯಲ್ಲಿ ದಸರಾ ಮೆರವಣಿಗೆಯ ಮುಂದೆ ದೊಣ್ಣೆ ಬೀಸುವ ಆಟಕ್ಕೂ ತಾಲೀಮು ಎಂದೇ ಹೆಸರು. ಹಳೆ ಮೈಸೂರಿನ ಗರಡಿಗಳಲ್ಲಿ ದೊಣ್ಣೆವರಸೆ ಇತ್ತು.

ಹೆಂಗಸರ ಕೈಯಲ್ಲಿಯೂ ಕೋಲು ಇತ್ತು. ಲಂಬಾಣಿ ತಾಂಡಾಗಳ ಹೋಳಿಯಲ್ಲಿ ಹೆಣ್ಣುಮಕ್ಕಳು ಕೋಲು ಹಿಡಿದು ಗಂಡಸರನ್ನು ಅಟ್ಟಿಸುವ ಆಟ ಇಂದಿಗೂ ಉಂಟು. 18ನೇ ಶತಮಾನದಲ್ಲಿ ಹೈದರಾಲಿಯ ಸೈನ್ಯ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿದಾಗ ಕಿಂಡಿಯ ಬಳಿ ನಿಂತ ಓಬವ್ವನ ಕೈಗೆ ಸಿಕ್ಕದ್ದು ಭತ್ತ ಕುಟ್ಟುವ ಒನಕೆ. ನವೆಂಬರ್ 11ರಂದು ನಾಡು ಆಕೆಯನ್ನು ನೆನೆಯುತ್ತದೆ. ಹಗಲೆಲ್ಲ ಒನಕೆ ಎತ್ತಿ ಇಳಿಸಿದ ಕೈಗೆ ಅದರ ತೂಕ, ತೂಗು, ಎಟುಕು ಗೊತ್ತಿರುತ್ತದೆ. ಅಪಾಯದ ಗಳಿಗೆಯಲ್ಲಿ ಕೆಲಸಕ್ಕೆ ಬರುವುದು ಆ ಬಳಕೆ. ಗೊತ್ತಿಲ್ಲದ ಆಯುಧಕ್ಕಿಂತ ಗೊತ್ತಿರುವ ಬಡಿಗೆ ಮೇಲು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೋಲಾಟವನ್ನೂ ಇಲ್ಲಿ ನೆನೆಯಬೇಕು. ತಾಳಕ್ಕೆ ತಕ್ಕಂತೆ ಎದುರಿನವರ ಕೋಲಿಗೆ ಕೋಲು ಕೊಡುವುದು, ಒಂದು ಹೆಜ್ಜೆ ಸರಿದು ಜಾಗ ಬದಲಿಸುವುದು, ಸುತ್ತು ತಪ್ಪದಂತೆ ಮುಂದಿನ ಜೊತೆಗಾರರನ್ನು ಹಿಡಿಯುವುದು. ಏಟಿನ ಅಂತರ, ಹೊತ್ತು, ಪಕ್ಕಕ್ಕೆ ಸರಿಯುವ ಹೆಜ್ಜೆ ಮೂರೂ ಇದರಲ್ಲಿವೆ. ಜಪಾನೀ ಗುರುಗಳು ಜೊತೆಗಾರರ ಅಭ್ಯಾಸದಲ್ಲಿ ಕಲಿಸುವುದೂ ಇವೇ ಮೂರನ್ನು. ಕೋಲಾಟ ಬಲ್ಲ ಹುಡುಗಿ ಬಡಿಗೆಯ ಪಾಠಕ್ಕೆ ಬಂದರೆ ಅವಳಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಕಾಲು ಮೊದಲು, ಕೈ ಆಮೇಲೆ

ಕಲಿಕೆ ಶುರುವಾಗಬೇಕಾದದ್ದು ನಿಲುವಿನಿಂದ. ಕರಾಟೆಯ ಜೆನ್‌ಕುತ್ಸು-ದಾಚಿಯಲ್ಲಿ ಮುಂಗಾಲಿನ ಮೊಣಕಾಲು ಬಾಗಿ, ಹಿಂಗಾಲು ನೆಟ್ಟಗಾಗುತ್ತದೆ. ಮೈಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂದೆ. ಕೊಕುತ್ಸು-ದಾಚಿಯಲ್ಲಿ ಸುಮಾರು 70 ಭಾಗ ಹಿಂಗಾಲಿನ ಮೇಲೆ. ಕುದುರೆ ಸವಾರನ ಭಂಗಿಯ ಕಿಬಾ-ದಾಚಿಯಲ್ಲಿ ಎರಡೂ ಕಾಲಿಗೆ ಸಮಪಾಲು. ಒಂದರಿಂದ ಇನ್ನೊಂದಕ್ಕೆ ಅಲುಗದೆ ಸಾಗುವುದನ್ನು ಕಲಿತ ಮೈ, ಕೆಸರಿನ ಬದುವಿನಲ್ಲೂ ಸುಲಭಕ್ಕೆ ಜಾರುವುದಿಲ್ಲ.

ಇನ್ನು ಬಡಿಗೆ. ಕರಾಟೆಯ ಮೂಲ ಚಲನೆಗಳು ಬಡಿಗೆ ಹಿಡಿದ ಕೈಗೆ ಬಹುಪಾಲು ಹಾಗೇ ಹೊಂದುತ್ತವೆ. ತಲೆಯ ಕಡೆ ಬರುವ ಏಟನ್ನು ಮುಂಗೈಯಿಂದ ಮೇಲಕ್ಕೆ ತಡೆಯುವುದು ಆಗೆ-ಉಕೆ. ಬಡಿಗೆಯ ಎರಡೂ ತುದಿ ಹಿಡಿದು ಅದೇ ಚಲನೆ ಮಾಡಿದರೆ ತಲೆಗೆ ಮರೆಯಾಗುತ್ತದೆ. ಒಂದು ತುದಿ ತಗ್ಗಿಸಿ ಹಿಡಿಯಬೇಕು. ಆಗ ಏಟು ಜಾರಿ ಪಕ್ಕಕ್ಕೆ ಹೋಗುತ್ತದೆ, ಬಡಿಗೆಯೂ ಮುರಿಯುವುದಿಲ್ಲ, ಬೆರಳೂ ಉಳಿಯುತ್ತವೆ. ಕೆಳಮಟ್ಟದ ಒದೆತವನ್ನು ಗುಡಿಸಿದಂತೆ ಸರಿಸುವುದು ಗೆದಾನ್-ಬರಾಯಿ. ಬಡಿಗೆಯಲ್ಲಿ ಅದೇ ಬೀಸು ನಾಯಿಯನ್ನು ಕಾಲಿನಿಂದ ದೂರ ಇಡುತ್ತದೆ. ಮುಂದೆ ಹೆಜ್ಜೆಯಿಟ್ಟು ಗುದ್ದುವ ಒಯಿ-ಜುಕಿ, ಬಡಿಗೆಯ ತುದಿಯಿಂದ ತಿವಿಯುವ ಪಟ್ಟಾಗುತ್ತದೆ. ಬೀಸುವ ಏಟಿಗಿಂತ ತಿವಿತಕ್ಕೆ ಜಾಗ ಕಡಿಮೆ ಸಾಕು. ಇಕ್ಕಟ್ಟಿನ ಓಣಿಗೂ ಬಸ್ ನಿಲ್ದಾಣಕ್ಕೂ ಅದೇ ತಕ್ಕದ್ದು.

ಯಾರಾದರೂ ಬಡಿಗೆಯನ್ನೇ ಹಿಡಿದುಕೊಂಡರೆ? ಕಲಿಯದವರು ತೋಳಿನಿಂದ ಜಗ್ಗುತ್ತಾರೆ. ತೋಳಿಗೆ ತೋಳು ಬಿದ್ದರೆ ಬಲವಿದ್ದವನೇ ಗೆಲ್ಲುವುದು. ಕರಾಟೆಯಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಮರಳಬೇಕು ಎಂದು ಗುರುಗಳು ಪದೇಪದೇ ತಿದ್ದುತ್ತಾರೆ. ಇದು ಹಿಕಿತೆ. ಬಡಿಗೆಯನ್ನು ಸೊಂಟಕ್ಕೆ ಒತ್ತಿಕೊಂಡು, ಸೊಂಟ ತಿರುಗಿಸುತ್ತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಹಿಡಿದವನ ಮುಷ್ಟಿಗೆ ಎದುರಾಗುವುದು ಇಡೀ ಮೈಯ ಭಾರ. ಇಲ್ಲೂ ಗೆಲ್ಲಿಸುವುದು ಕಾಲು.

ಕೊನೆಯದು ಅಂತರ. ಚಾಚಿದ ತೋಳಿನ ಜೊತೆ ಮೂರಡಿ ಬಡಿಗೆ ಸೇರಿದರೆ, ಎದುರಿನವನು ಒಂದು ದೊಡ್ಡ ಹೆಜ್ಜೆ ಮುಂದಿಡದೆ ಮುಟ್ಟಲಾರ. ಆ ಒಂದು ಹೆಜ್ಜೆಯ ಹೊತ್ತೇ ನಮ್ಮ ಗಳಿಕೆ. ಕೂಗಿ ಜನರನ್ನು ಕರೆಯಲು, ಪಕ್ಕಕ್ಕೆ ಸರಿಯಲು, ಬಾಗಿಲ ಒಳಗೆ ಸೇರಲು ಅದು ಸಾಕು. ನಾಯಿಯ ವಿಷಯದಲ್ಲೂ ಹೀಗೇ. ಓಡಬಾರದು, ಬೆನ್ನು ತೋರಿಸಬಾರದು, ಕಣ್ಣಿಗೆ ಕಣ್ಣಿಟ್ಟು ಕೆಣಕಬಾರದು. ಬಡಿಗೆಯ ತುದಿಯನ್ನು ನಾಯಿಗೂ ನಮಗೂ ನಡುವೆ ತಗ್ಗಿಸಿ ಹಿಡಿದು ನಿಧಾನವಾಗಿ ಅಡ್ಡಕ್ಕೆ ಸರಿಯಬೇಕು. ಅಷ್ಟಾಗಿಯೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಪಡೆಯಬೇಕು.

ಅಜ್ಜ-ಅಜ್ಜಿಯರ ಪಾಠ

ಮುಪ್ಪಿನವರಿಗೆ ಹೊಡೆಯಲು ಬರುವವರಿಗಿಂತ ದೊಡ್ಡ ಶತ್ರು ಬಚ್ಚಲಿನ ಒದ್ದೆ ಕಲ್ಲು ಮತ್ತು ಹೊಸ್ತಿಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000. ಅವರಲ್ಲಿ 60 ದಾಟಿದವರೇ ಹೆಚ್ಚು. ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಬಿಟ್ಟು ಏಳದ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಈ ಬೀಳುವಿಕೆಯನ್ನು ತಡೆಯಲು ಉಪಾಯವಿದೆ. ನೂರಕ್ಕೂ ಹೆಚ್ಚು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ವ್ಯಾಯಾಮ ಮಾಡುವ ಹಿರಿಯರಲ್ಲಿ ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ತಗ್ಗುತ್ತದೆ. ಸಮತೋಲ ಕಲಿಸುವ ವ್ಯಾಯಾಮಕ್ಕೆ ಅದರಲ್ಲಿ ಮೇಲಿನ ಸ್ಥಾನ. ಚೀನಾದ ತೈಚಿಯಂಥ ನಿಧಾನಗತಿಯ ಯುದ್ಧಕಲೆಯೂ ಫಲ ಕೊಟ್ಟಿದೆ.

ಬಡಿಗೆ ಹಿಡಿಯುವ ಕ್ರಮವನ್ನು ಆಸ್ಪತ್ರೆಯಲ್ಲಿ ಹೇಳಿಸಿಕೊಂಡವರು ನಮ್ಮಲ್ಲಿ ಕಡಿಮೆ. ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬಡಿಗೆಯ ಹಿಡಿಕೆ ಬರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಬಾಗಿರಬೇಕು. ಉದ್ದ ಹೆಚ್ಚಾದರೆ ಭುಜ ಎತ್ತರಿಸುತ್ತದೆ, ಕಡಿಮೆಯಾದರೆ ಬೆನ್ನು ಬಾಗುತ್ತದೆ. ತುದಿಗೆ ರಬ್ಬರಿನ ಬೂಚು ಇರಲೇಬೇಕು. ಎಡಮೊಣಕಾಲು ನೋಯುತ್ತಿದ್ದರೆ ಬಡಿಗೆ ಬಲಗೈಯಲ್ಲಿರಬೇಕು. ಬಹಳ ಜನ ನೋವಿರುವ ಕಡೆಯಲ್ಲೇ ಹಿಡಿಯುತ್ತಾರೆ, ಅದರಿಂದ ನೋಯುವ ಕಾಲಿನ ಮೇಲೆ ಭಾರ ಹೆಚ್ಚುತ್ತದೆ. ಬಡಿಗೆಯೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಬಡಿಗೆ ಮತ್ತು ನೋವಿನ ಕಾಲು ಮೊದಲು.

ಇಷ್ಟು ಸರಿಯಾದ ಮೇಲೆ ಕರಾಟೆಯ ನಿಲುವುಗಳನ್ನು ತಗ್ಗಿಸದೆ, ಎತ್ತರದಲ್ಲೇ, ಗೋಡೆಯ ಪಕ್ಕದಲ್ಲಿ ಮಾಡಿಸಬಹುದು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು, ತಿರುಗುವಾಗ ಪಾದವನ್ನೂ ತಿರುಗಿಸುವುದು, ಎರಡೂ ಕೈಯಲ್ಲಿ ಬಡಿಗೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ ಇಳಿಸುವುದು. ಬಿ.ಪಿ., ಹೃದಯದ ತೊಂದರೆ, ಮಂಡಿಯ ಸವೆತ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ವಸ್ತಾದ ಗಟ್ಟಿಗನಾದಷ್ಟಕ್ಕೆ ಮುಪ್ಪಿನ ಮೈಯನ್ನು ತಿಳಿದವನಾಗುವುದಿಲ್ಲ. ಫಿಸಿಯೋಥೆರಪಿ ಬಲ್ಲವರೊಬ್ಬರು ಜೊತೆಗಿದ್ದರೆ ಕ್ಷೇಮ.

ಮೂರು ತಿಂಗಳಿಗೆ ನಿಲ್ಲಬಾರದು

ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ. ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ಕಲಿಕೆ. ರಾಜ್ಯದ ವಸತಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಓಬವ್ವನ ಹೆಸರಿನಲ್ಲಿ ಇಂಥದೇ ತರಬೇತಿ ಬಂತು. ಇವು ಒಳ್ಳೆಯ ಕೆಲಸಗಳು. ಶಾಲೆಯ ಅಂಗಳದಲ್ಲಿ ಎಲ್ಲರ ಎದುರು ಕೂಗಿ ಗುದ್ದಲು ಕಲಿತ ಹುಡುಗಿಯ ನಡಿಗೆಯೇ ಬದಲಾಗುತ್ತದೆ. ಆದರೆ ಮೂರು ತಿಂಗಳಲ್ಲಿ ಮೈಗೆ ಹತ್ತುವುದು ಬರಿಯ ಪರಿಚಯ. ಬಿಟ್ಟರೆ ಅದೂ ಮರೆಯುತ್ತದೆ. ತನಗಿಂತ ಎತ್ತರದ, ಭಾರದ ಗಂಡಸಿನ ಎದುರು ಹದಿನಾಲ್ಕರ ಹುಡುಗಿಯ ಬರಿಗೈ ಗುದ್ದಿಗೆ ಮಿತಿಯಿದೆ ಎಂಬುದನ್ನೂ ಮುಚ್ಚಿಡಬಾರದು. ಅವಳಿಗೆ ಬೇಕಾದದ್ದು ದೂರ ಇಡುವ ಸಾಧನ, ಮತ್ತು ವರ್ಷಗಟ್ಟಲೆ ನಡೆಯುವ ಅಭ್ಯಾಸ. ಬಡಿಗೆಯ ವಿದ್ಯೆ ಬಲ್ಲವಳಿಗೆ ಕೊಡೆ, ಸೌದೆ, ಕಸಬರಿಗೆಯ ಕಟ್ಟಿಗೆ, ಎಲ್ಲವೂ ನೆರವಾಗುತ್ತವೆ.

ಮನೆಯೊಳಗಿನ ಹಿಂಸೆಗೆ, ಪರಿಚಿತರಿಂದ ಬರುವ ಕಿರುಕುಳಕ್ಕೆ ಬಡಿಗೆ ಒಂದೇ ಮದ್ದಲ್ಲ. ಅದಕ್ಕೆ ಮಾತಾಡುವ ಧೈರ್ಯ ಬೇಕು, ಕೇಳಿಸಿಕೊಳ್ಳುವ ಹಿರಿಯರು ಬೇಕು, 112ಕ್ಕೂ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬೇಕೆಂಬ ತಿಳಿವಳಿಕೆ ಬೇಕು. ವಾರಕ್ಕೆರಡು ಸಂಜೆ ಹುಡುಗಿಯರು ಒಂದೆಡೆ ಸೇರಿದರೆ ಆ ಮಾತಿಗೂ ಜಾಗ ಸಿಗುತ್ತದೆ. ಕಲಿಸುವವರು ಹೆಂಗಸಾಗಿದ್ದರೆ ಒಳ್ಳೆಯದು. ಗಂಡಸಾಗಿದ್ದರೆ ಶಿಕ್ಷಕಿಯೊಬ್ಬರು ಅಂಗಳದಲ್ಲಿ ಇರಲೇಬೇಕು, ಕಲಿಸುವವರ ಹಿನ್ನೆಲೆಯನ್ನು ಶಾಲೆ ವಿಚಾರಿಸಿರಲೇಬೇಕು.

ಕಾನೂನಿನ ಗೆರೆ

ಬಡಿಗೆ ಶಸ್ತ್ರವಲ್ಲ ಎಂದಮಾತ್ರಕ್ಕೆ ಅದರಿಂದ ಬಿದ್ದ ಏಟು ಅಪರಾಧವಲ್ಲ ಎಂದಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ತನ್ನ ಮೈಯನ್ನು, ಇನ್ನೊಬ್ಬರ ಮೈಯನ್ನು, ಆಸ್ತಿಯನ್ನು ಕಾಯಲು ಮಾಡಿದ್ದು ಅಪರಾಧವಲ್ಲ. ಆದರೆ ಕಾಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಮಾಡುವಂತಿಲ್ಲ. ಪೊಲೀಸರ ಮೊರೆ ಹೋಗಲು ಸಮಯವಿದ್ದಾಗ ಈ ಹಕ್ಕು ಸಿಗುವುದಿಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಬಿದ್ದು ಹೊಡೆದರೆ ಅದು ಸೇಡು, ರಕ್ಷಣೆಯಲ್ಲ. ನಿಷೇಧಾಜ್ಞೆ ಇರುವ ದಿನಗಳಲ್ಲಿ ದೊಣ್ಣೆ ಹಿಡಿದು ತಿರುಗುವುದನ್ನೂ ಆಡಳಿತ ತಡೆಯಬಹುದು.

ಈ ಗೆರೆಯನ್ನು ಮೊದಲ ದಿನವೇ ಕಲಿಸಬೇಕು. ನೀರಿನ ಸರದಿಗೆ, ಬದುವಿನ ಒತ್ತುವರಿಗೆ ಬಡಿಗೆ ಎತ್ತಿ ಕೋರ್ಟು ಅಲೆದ ಮನೆತನಗಳು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ತಲೆಗೆ ಹೊಡೆಯುವ ಅಭ್ಯಾಸ ಯಾವ ಹಂತದಲ್ಲೂ ಬೇಡ. ತುದಿಗೆ ಕಬ್ಬಿಣದ ಮೊಳೆ, ಗುಂಡು ಕೂಡಿಸಿದ ಬಡಿಗೆಯನ್ನು ಅಂಗಳದೊಳಗೆ ಬಿಡಬಾರದು. ಮೊದಲ ಏಟು ನಮ್ಮದಲ್ಲ ಎಂಬ ಫುನಾಕೊಶಿಯವರ ನಿಯಮ ಗೋಡೆಯ ಮೇಲೆ ಬರೆದಿರಲಿ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ನಮ್ಮ ಅಮರ್ಜಾ ನದಿ ಭೀಮೆಯನ್ನು ಸೇರುವಲ್ಲಿ, ಜನ ಪೂಜಿಸುವ ನರಸಿಂಹ ಸರಸ್ವತಿಯವರು ದಂಡ ಹಿಡಿದ ಸನ್ಯಾಸಿ. ಸನ್ಯಾಸಿಯ ದಂಡ ಯಾರನ್ನೂ ಹೊಡೆಯುವುದಿಲ್ಲ ಎಂಬ ವ್ರತದ ಗುರುತು. ಬಡಿಗೆಯ ಜೊತೆ ಸಂಯಮವನ್ನು ಕಲಿಸಬೇಕೆಂದರೆ ನಾವು ದೂರ ಹೋಗಬೇಕಿಲ್ಲ.

ಶುರುಮಾಡುವುದು ಹೇಗೆ

ಇದಕ್ಕೆ ಹೊಸ ಕಟ್ಟಡ ಬೇಡ. ಶಾಲೆಯ ಅಂಗಳ ಸಂಜೆ ಖಾಲಿ ಇರುತ್ತದೆ. ಬಹಳ ಊರುಗಳಲ್ಲಿ ತಾಲೀಮಿನ ಮನೆ ಬೀಗ ಹಾಕಿಕೊಂಡು ನಿಂತಿದೆ. ಅದರ ಮುಂದಿನ ಜಾಗವೂ ಆದೀತು. ತಾಲೀಮು ಇದುವರೆಗೆ ಗಂಡಸರದ್ದಾಗಿತ್ತು. ಅದರ ಬಾಗಿಲು ಹುಡುಗಿಯರಿಗೂ ಹಿರಿಯರಿಗೂ ತೆರೆಯಲು ಊರಿನ ಹಿರಿಯರ ಒಂದು ಮಾತು ಸಾಕು. ಸಾಮಾನೂ ಹೆಚ್ಚಿಲ್ಲ: ಸೀಳು ಬಿಡದ ಗಟ್ಟಿ ಬಿದಿರಿನ ಮೂರಡಿ ತುಂಡುಗಳು, ಗಂಟು ಉಜ್ಜಿ, ಎಣ್ಣೆ ಹಚ್ಚಿ ಒಣಗಿಸಿದಂಥವು, ತುದಿಗೆ ರಬ್ಬರು. ಜೊತೆಗಾರರ ಅಭ್ಯಾಸಕ್ಕೆ ಬಟ್ಟೆ ಸುತ್ತಿದ ಹಗುರ ಬೆತ್ತ.

ತೊಗರಿ ರಾಶಿ ಮುಗಿದ ಮೇಲೆ, ಜನವರಿಯ ಕೊನೆಯಿಂದ ಮುಂಗಾರಿನವರೆಗೆ, ಹಳ್ಳಿಗೆ ಸಂಜೆ ಬಿಡುವು ಇರುತ್ತದೆ. ಆ ನಾಲ್ಕು ತಿಂಗಳಲ್ಲಿ ಮೊದಲನೆಯದು ನಿಲುವು ಮತ್ತು ಹೆಜ್ಜೆಗೆ, ಎರಡನೆಯದು ಬರಿಗೈಯ ತಡೆಗಳಿಗೆ, ಮೂರನೆಯದು ಅವನ್ನೇ ಬಡಿಗೆಗೆ ಇಳಿಸಲು, ನಾಲ್ಕನೆಯದು ಜೊತೆಗಾರರ ಅಭ್ಯಾಸಕ್ಕೆ. ಶಾಲೆಗೆ ಬರುವ ಕರಾಟೆ ಶಿಕ್ಷಕರು, ಊರಿನ ಹಳೆಯ ವಸ್ತಾದ, ಕೋಲಾಟ ಬಲ್ಲ ಹೆಂಗಸರು, ಪ್ರಾಥಮಿಕ ಆರೋಗ್ಯ ಕೇಂದ್ರದವರು ಒಟ್ಟು ಕೂತರೆ ಪಾಠದ ಪಟ್ಟಿ ಒಂದೇ ದಿನದಲ್ಲಿ ಸಿದ್ಧವಾಗುತ್ತದೆ. ಗ್ರಾಮ ಪಂಚಾಯಿತಿಯೂ ಶಾಲಾಭಿವೃದ್ಧಿ ಸಮಿತಿಯೂ ಒಪ್ಪಿಗೆ ಕೊಟ್ಟು, ದೀಪದ ವ್ಯವಸ್ಥೆ ಮಾಡಿದರೆ ಆಯಿತು.

ಮಟಕಿಯಲ್ಲಿ ಇದು ಶುರುವಾದರೆ ಸುತ್ತಲಿನ ಊರುಗಳು ಬಂದು ನೋಡುತ್ತವೆ. ಒಕಿನಾವಾದಲ್ಲಿಯೂ ಕರಾಟೆ ಒಂದು ಶಾಲೆಯ ಅಂಗಳದಿಂದಲೇ ಜಗತ್ತಿಗೆ ಹೊರಟಿತು. ನಾವು ಕೇಳುತ್ತಿರುವುದು ಅದಕ್ಕಿಂತ ಬಹಳ ಚಿಕ್ಕದು: ಶಾಲೆ ಬಿಟ್ಟ ಹುಡುಗಿಯೂ ಕಟ್ಟೆಗೆ ಬಂದ ಅಜ್ಜಿಯೂ ಒಂದೇ ಅಂಗಳದಲ್ಲಿ ಗಟ್ಟಿಯಾಗಿ ನಿಲ್ಲಲು ಕಲಿಯಲಿ. ಬರುವ ರಾಶಿ ಮುಗಿಯುವ ಮೊದಲೇ ಪಂಚಾಯಿತಿ ಈ ಮಾತನ್ನು ಸಭೆಯಲ್ಲಿಡಲಿ.